ಹಳೆಯ ಟಾಸ್ಕ್‌ಬಾರ್ ವಾಪಸ್ ಬೇಕು, ಏನು ಮಾಡಲಿ?

ಪ್ರಶ್ನೆ: ವಿಂಡೋಸ್ 10ರಿಂದ 11ಕ್ಕೆ ಬಂದ ಮೇಲೆ ನನ್ನ ಕೆಲಸ ನಿಧಾನವಾಗಿದೆ. ಸ್ಟಾರ್ಟ್ ಬಟನ್ ನಡುವಿಗೆ ಹೋಗಿದೆ, ತೆರೆದ ಫೈಲುಗಳ ಹೆಸರು ಟಾಸ್ಕ್‌ಬಾರ್‌ನಲ್ಲಿ ಕಾಣುವುದಿಲ್ಲ, ರೈಟ್ ಕ್ಲಿಕ್ ಮಾಡಿದರೆ ಅರ್ಧ ಮೆನು ಬರುತ್ತದೆ. ಹಳೆಯದನ್ನೆಲ್ಲ ವಾಪಸ್ ತರುವ ಸಾಫ್ಟ್‌ವೇರ್ ಹಾಕಿಕೊಳ್ಳಬಹುದಾ?

ಉತ್ತರ: ಹಾಕಿಕೊಳ್ಳಬಹುದು, ಆದರೆ ಈಗಲೇ ಬೇಡ. ನಿಮ್ಮ ಮೂರೂ ತೊಂದರೆಗೆ ವಿಂಡೋಸ್ ಒಳಗೇ ದಾರಿ ಇದೆ.

ಟಾಸ್ಕ್‌ಬಾರ್‌ನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ಟಾಸ್ಕ್‌ಬಾರ್ ಸೆಟ್ಟಿಂಗ್ಸ್ ತೆರೆಯಿರಿ. ಕೆಳಗೆ ಟಾಸ್ಕ್‌ಬಾರ್ ಬಿಹೇವಿಯರ್ಸ್ ಅಂತಿರುತ್ತೆ. ಅಲ್ಲಿ ಅಲೈನ್‌ಮೆಂಟನ್ನು ಲೆಫ್ಟ್ ಮಾಡಿದರೆ ಸ್ಟಾರ್ಟ್ ಬಟನ್ ಎಡಮೂಲೆಗೆ ಬರುತ್ತದೆ. ಅದರ ಹತ್ತಿರವೇ ಬಟನ್‌ಗಳನ್ನು ಒಟ್ಟುಗೂಡಿಸುವ ಆಯ್ಕೆ ಇದೆ, ಅದಕ್ಕೆ ನೆವರ್ ಕೊಡಿ, ಪ್ರತಿ ಕಿಟಕಿಯೂ ಹೆಸರಿನ ಸಮೇತ ಬೇರೆ ಬೇರೆಯಾಗಿ ಕಾಣುತ್ತದೆ. 2021ರಲ್ಲಿ ವಿಂಡೋಸ್ 11 ಬಂದಾಗ ಟಾಸ್ಕ್‌ಬಾರನ್ನು ಹೊಸದಾಗಿ ಕಟ್ಟಿದರು, ಆಗ ಈ ಆಯ್ಕೆಯೇ ಬಿಟ್ಟುಹೋಯಿತು, ಜನ ಬಿಡದೆ ಕೇಳಿದ ಮೇಲೆ 2023ರಲ್ಲಿ ವಾಪಸ್ ಬಂತು. ಅದನ್ನು ತೆಗೆದದ್ದೇ ತಪ್ಪು ಅಂತ ನನ್ನ ಅಭಿಪ್ರಾಯ. ಒಂದೇ ಸಲ ಐದಾರು ಎಕ್ಸೆಲ್ ಫೈಲ್ ತೆರೆದು ಕೂತವರಿಗೆ ಹೆಸರು ಕಣ್ಣಿಗೆ ಬೀಳಲೇಬೇಕು, ಅಲ್ವಾ? ನಿಮ್ಮಲ್ಲಿ ಆ ಆಯ್ಕೆ ಕಾಣದಿದ್ದರೆ ಮೊದಲು ಅಪ್‌ಡೇಟ್ ಮಾಡಿ.

ರೈಟ್ ಕ್ಲಿಕ್ ವಿಷಯ ಸುಲಭ. ಶಿಫ್ಟ್ ಒತ್ತಿ ಹಿಡಿದು ರೈಟ್ ಕ್ಲಿಕ್ ಮಾಡಿ, ಹಳೆಯ ಪೂರ್ತಿ ಮೆನು ಬರುತ್ತದೆ. ಇದನ್ನು ಕಾಯಂ ಮಾಡಲು ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗದಲ್ಲಿ, ಬದಲಾವಣೆ ಮಾಡುವವರೂ ಇದ್ದಾರೆ, ಆದರೆ ಅಷ್ಟಕ್ಕಾಗಿ ಸುಮ್ನೆ ರಿಜಿಸ್ಟ್ರಿಗೆ ಕೈ ಹಾಕಬೇಡಿ.

ಇಷ್ಟಾದ ಮೇಲೂ ಹಳೆಯ ಸ್ಟಾರ್ಟ್ ಮೆನುವೇ ಬೇಕು ಅನ್ನಿಸಿದರೆ ಓಪನ್ ಶೆಲ್ ಹಾಕಿಕೊಳ್ಳಿ. ಉಚಿತ, ಮೂಲ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. 2017ರಲ್ಲಿ ನಿಂತುಹೋದ, ಇದೇ ಕೆಲಸ ಮಾಡುತ್ತಿದ್ದ ಕ್ಲಾಸಿಕ್ ಶೆಲ್ಲನ್ನೇ ಬೇರೆಯವರು ಕೈಗೆತ್ತಿಕೊಂಡು ಮುಂದುವರಿಸಿದ್ದು ಇದು. ಎಕ್ಸ್‌ಪ್ಲೋರರ್ ಪ್ಯಾಚರ್, ಸ್ಟಾರ್ಟ್ ಆಲ್ ಬ್ಯಾಕ್ ಇನ್ನೂ ಆಳಕ್ಕೆ ಹೋಗಿ ಟಾಸ್ಕ್‌ಬಾರನ್ನೇ ಬದಲಿಸುತ್ತವೆ. ಅಪಾಯ ಇರುವುದೂ ಅಲ್ಲೇ. ವಿಂಡೋಸ್ ಒಳಗಿನ ಭಾಗಗಳನ್ನು ನಂಬಿ ಕೆಲಸ ಮಾಡುವ ಸಾಫ್ಟ್‌ವೇರ್ ಇವು, ಒಂದು ದೊಡ್ಡ ಅಪ್‌ಡೇಟ್ ಆ ಭಾಗಗಳನ್ನು ಬದಲಿಸಿದರೆ ಟಾಸ್ಕ್‌ಬಾರ್ ಕಾಣದೇ ಹೋಗಬಹುದು. ಹಾಗಾಗಿ ಒಂದನ್ನು ಮಾತ್ರ ಹಾಕಿ, ತಯಾರಕರ ಸ್ವಂತ ಪುಟದಿಂದಲೇ ಇಳಿಸಿಕೊಳ್ಳಿ, ದೊಡ್ಡ ಅಪ್‌ಡೇಟ್‌ಗೆ ಮುಂಚೆ ತೆಗೆದುಬಿಡಿ. ಆ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಬಂದ ಮೇಲೆ ಮತ್ತೆ ಹಾಕಿಕೊಂಡರಾಯಿತು.