ಕೆಂಪಗಾದ ಜಾಗವನ್ನು ಒತ್ತಿ ನೋಡಿ

ಪ್ರಶ್ನೆ: ಹುಣಸೆಮರದಿಂದ ಬಿದ್ದು ನಮ್ಮ ಯಜಮಾನರ ಬೆನ್ನುಹುರಿಗೆ ಪೆಟ್ಟಾಗಿ ಮೂರು ತಿಂಗಳಾಯಿತು. ಆಪರೇಷನ್ ಆಗಿದೆ. ಸೊಂಟದ ಕೆಳಗೆ ಸ್ವಾಧೀನವಿಲ್ಲ, ಮುಟ್ಟಿದ್ದೂ ತಿಳಿಯದು. ವೀಲ್‌ಚೇರ್ ತಂದಿದ್ದೇವೆ. ಈಗ ಕುಂಡಿಯ ಮೇಲ್ಭಾಗ ಕೆಂಪಗಾಗಿದೆ. ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂರಿಸಿ ಅನ್ನುತ್ತಾರೆ. ಮನೆ ಮುಂದೆ ಎರಡು ಮೆಟ್ಟಿಲಿವೆ, ಅವರು ಹೊರಗೆ ಬರುವುದೇ ಇಲ್ಲ. ಏನು ಮಾಡಲಿ?
– ಓದುಗರೊಬ್ಬರು, ಬ್ಯಾಡಗಿ ತಾಲ್ಲೂಕು

ಉತ್ತರ: ಟ್ಯೂಬ್ ಬೇಡವೇ ಬೇಡ, ತಾಯಿ. ಅದರ ಅಂಚು ಸುತ್ತಲೂ ಒತ್ತಿ ನಡುವಿನ ಚರ್ಮಕ್ಕೆ ರಕ್ತ ಹೋಗದಂತೆ ಮಾಡುತ್ತದೆ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ. ಬಣ್ಣ ಬದಲಾಗದಿದ್ದರೆ ಹುಣ್ಣು ಶುರುವಾಗಿದೆ. ಮೈಬಣ್ಣ ಕಪ್ಪಿದ್ದರೆ ಕೆಂಪು ಸರಿಯಾಗಿ ಕಾಣದು, ಸುತ್ತಲಿಗಿಂತ ಬಿಸಿಯೋ ಗಟ್ಟಿಯೋ ಇದೆಯೇ ಎಂದು ಮುಟ್ಟಿ ನೋಡಿ. ಅದು ಮೊದಲಿನಂತಾಗುವವರೆಗೆ ಅಲ್ಲಿ ಭಾರ ಬೀಳಕೂಡದು. ಎಣ್ಣೆ ಹಚ್ಚಿ ತಿಕ್ಕಬೇಡಿ. ಚರ್ಮ ಒಡೆದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ನೋವು ತಿಳಿಯದ ಮೈಯಲ್ಲಿ ಹುಣ್ಣು ಎಲುಬಿನವರೆಗೂ ಇಳಿದುಬಿಡುತ್ತದೆ, ಆಮೇಲೆ ತಿಂಗಳುಗಟ್ಟಲೆ ಹಾಸಿಗೆಯೇ ಗತಿ.

ಆ ಜಾಗ ಕೆಂಪಾಗುವುದು ಹೆಚ್ಚಾಗಿ ಹಾಸಿಗೆಯಲ್ಲಿ ದಿಂಬಿಗೊರಗಿ ಕೂತು, ಮೆಲ್ಲಗೆ ಕೆಳಕ್ಕೆ ಜಾರುವುದರಿಂದ. ಹಾಗೆ ಕೂರಿಸುವುದನ್ನು ಮೊದಲು ಬಿಡಿಸಿ. ಮಲಗಿದಾಗ 2 ತಾಸಿಗೊಮ್ಮೆ ಮಗ್ಗಲು ಬದಲಿಸಿ. ಮೀನಖಂಡದ ಕೆಳಗೆ ದಿಂಬಿಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗದು. ಕುರ್ಚಿಗೆ 4 ಇಂಚು ದಪ್ಪದ ಫೋಮ್ ಕುಶನ್ ಹಾಕಿ. ಅರ್ಧ ತಾಸಿಗೊಮ್ಮೆ ಬ್ರೇಕ್ ಹಾಕಿ ಎಡಕ್ಕೆ 2 ನಿಮಿಷ, ಬಲಕ್ಕೆ 2 ನಿಮಿಷ ವಾಲಲಿ. ಮುಂದಕ್ಕೆ ಬಾಗುವುದು ಇನ್ನೂ ಒಳ್ಳೆಯದು, ಆದರೆ ಆಪರೇಷನ್ ಮಾಡಿದ ಡಾಕ್ಟರನ್ನು ಕೇಳಿಯೇ. ಬೆಳಿಗ್ಗೆ, ರಾತ್ರಿ ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳುವ ಕೆಲಸ ಅವರದೇ ಆಗಲಿ. ಎಲ್ಲವನ್ನೂ ನೀವೇ ಮಾಡಿಕೊಟ್ಟರೆ ಮನುಷ್ಯ ಇನ್ನಷ್ಟು ಮುದುಡುತ್ತಾನೆ.

ಎರಡು ಮೆಟ್ಟಿಲು ಸೇರಿ ಒಂದಡಿ ಎತ್ತರವಿದ್ದರೆ ಇಳಿಜಾರು 12 ಅಡಿ ಉದ್ದ, 3 ಅಡಿ ಅಗಲ ಇರಬೇಕು. ಗೌಂಡಿಗಳು 4–5 ಅಡಿಯಲ್ಲೇ ಮುಗಿಸಿಬಿಡುತ್ತಾರೆ. ಹತ್ತುವಾಗ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಜಾಗ ಸಾಲದಿದ್ದರೆ ಗೋಡೆಗುಂಟ ತಿರುಗಿಸಿ, ತಿರುವಿನಲ್ಲಿ 5 ಅಡಿ ಚೌಕ ಸಮತಟ್ಟು ಬಿಡಿಸಿ.

ಹೊರಗೆ ಬರದಿರಲು ಮೂತ್ರದ ಮುಜುಗರವೂ ಕಾರಣವಿರಬಹುದು. ಆ ಅಂಜಿಕೆಗೆ ಹಲವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಸೋಂಕು, ಕಲ್ಲು ಶುರುವಾಗುತ್ತವೆ. ಆಸ್ಪತ್ರೆಯಲ್ಲಿ ಮೂತ್ರ ತೆಗೆಯುವ ನಳಿಕೆ ಹಾಕಿಕೊಳ್ಳಲು ಕಲಿಸಿದ್ದರೆ 4ರಿಂದ 6 ತಾಸಿಗೊಮ್ಮೆ ಖಾಲಿ ಮಾಡಲಿ. ಒಂದು ಸಲಕ್ಕೆ 500 ಮಿ.ಲೀ. ಮೀರುತ್ತಿದ್ದರೆ ಇನ್ನೂ ಬೇಗ ಮಾಡಲಿ. ಚಳಿಜ್ವರ ಬಂದರೆ ಕಾಯದೆ ಡಾಕ್ಟರಿಗೆ ತೋರಿಸಿ. ಹೊರಡುವ ಮುನ್ನ ಖಾಲಿ ಮಾಡಿಕೊಂಡರೆ ಎರಡು ಮೂರು ತಾಸು ನಿಶ್ಚಿಂತೆಯಿಂದ ಹೊರಗಿರಬಹುದು.

ಯು.ಡಿ.ಐ.ಡಿ. ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಈಗಲೇ ಅರ್ಜಿ ಹಾಕಿಸಿ, ಮಾಸಾಶನಕ್ಕೆ ಅದು ಬೇಕಾಗುತ್ತದೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ದಾರಿ ತೋರಿಸುತ್ತಾರೆ.