ಸೆಕೆಂಡ್ ಹ್ಯಾಂಡ್ ಡೀಸೆಲ್ ಎಸ್ಟೇಟ್ ಕಾರು: ಸಾಕೋದು ಎಷ್ಟು ದುಬಾರಿ?

ಉದ್ದನೆಯ ಡಿಕ್ಕಿ ಇರುವ ಹಳೆ ಡೀಸೆಲ್ ಎಸ್ಟೇಟ್ ಕಾರುಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರಶ್ನೆ: ಎಂಟು ವರ್ಷ ಹಳೆಯ, 1,40,000 ಕಿ.ಮೀ. ಓಡಿರುವ ಡೀಸೆಲ್ ಎಸ್ಟೇಟ್ ಕಾರು ನೋಡಿದ್ದೇವೆ. 2 ಲೀಟರ್ ಇಂಜಿನ್, ಮ್ಯಾನ್ಯುಯಲ್ ಗೇರ್. ನಮ್ಮ ಓಡಾಟ ವರ್ಷಕ್ಕೆ ಸುಮಾರು 14,000 ಕಿ.ಮೀ. ವಾರವೆಲ್ಲಾ ಊರೊಳಗೆ, ತಿಂಗಳಿಗೆ ಎರಡು ಸಲ ದೂರದ ಪ್ರಯಾಣ. ಮೈಲೇಜ್ ಚೆನ್ನಾಗಿದೆ ಅಂತಾರೆ. ತಗೊಳ್ಳಬಹುದಾ?

ಉತ್ತರ: ಮೊದಲು ಮೈಲೇಜ್ ಲೆಕ್ಕ ಮಾಡೋಣ. ಈ ಗಾತ್ರದ ಡೀಸೆಲ್ ಕಾರು 100 ಕಿ.ಮೀ.ಗೆ 6 ಲೀಟರ್ ಕುಡಿಯುತ್ತೆ, ಅಷ್ಟೇ ದೊಡ್ಡ ಪೆಟ್ರೋಲ್ ಕಾರು 8 ಲೀಟರ್ ಕುಡಿಯುತ್ತೆ ಅಂದುಕೊಳ್ಳಿ. ನಿಮ್ಮ 14,000 ಕಿ.ಮೀ.ಗೆ ವರ್ಷಕ್ಕೆ ಉಳಿಯುವುದು 280 ಲೀಟರ್. ಕಡಿಮೆಯೇನಲ್ಲ. ಆದರೆ ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ನಾಲ್ಕು ಇಂಜೆಕ್ಟರ್ ಒಟ್ಟಿಗೆ ಕೈಕೊಟ್ಟರೆ, ಅಥವಾ ಕ್ಲಚ್ ಜೊತೆಗೆ ಫ್ಲೈವೀಲ್ ಕೂಡ ಹೋದರೆ, ಎರಡು ಮೂರು ವರ್ಷದ ಉಳಿತಾಯ ಒಂದೇ ಬಿಲ್ಲಿನಲ್ಲಿ ಖಾಲಿ. ಅದಕ್ಕೇ ನಾನು ಹೇಳೋದು ಇಷ್ಟೇ: ಇಂಧನದಲ್ಲಿ ಉಳಿದ ದುಡ್ಡನ್ನು ಖರ್ಚು ಮಾಡಬೇಡಿ, ಬೇರೆ ತೆಗೆದಿಡಿ. ಅದು ಕಾರಿನದ್ದೇ ದುಡ್ಡು, ಒಂದಲ್ಲ ಒಂದು ದಿನ ವಾಪಸ್ ಕೇಳುತ್ತೆ.

ನಿಮ್ಮದು ಗಡಿಯ ಮೇಲಿನ ಕೇಸು. ತಿಂಗಳಿಗೆ ಎರಡು ಸಲ ದೂರ ಹೋಗುತ್ತೀರಿ ಅನ್ನೋ ಕಾರಣಕ್ಕೆ ಮಾತ್ರ ತಗೊಳ್ಳಿ ಅನ್ನುತ್ತೇನೆ. ಬರೀ ಊರೊಳಗಿನ ಓಡಾಟವಾಗಿದ್ದರೆ ಖಂಡಿತ ಬೇಡ ಅನ್ನುತ್ತಿದ್ದೆ. ಏಕೆ ಅಂತ ಮುಂದಿನ ಪ್ರಶ್ನೆಯಲ್ಲಿದೆ.

ನೋಡಲು ಹೋಗುವಾಗ ಇಂಜಿನ್ ತಣ್ಣಗಿರಬೇಕು. ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಮಾರುವವರು ಆಗಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ. ಏಕೆ ಅಂತ ಕೇಳಿ, ಇಲ್ಲದಿದ್ದರೆ ಇನ್ನೊಂದು ದಿನ ಬೆಳಗ್ಗೆ ಬನ್ನಿ. ತಣ್ಣನೆ ಇಂಜಿನ್ ತುಂಬಾ ಹೊತ್ತು ತಿರುಗಿ ಹೊತ್ತಿಕೊಂಡರೆ, ಹಸಿ ಡೀಸೆಲ್ ವಾಸನೆಯ ಬಿಳಿ ಹೊಗೆ ಬಂದರೆ, ಗ್ಲೋ ಪ್ಲಗ್ (ತಣ್ಣನೆ ಸಿಲಿಂಡರನ್ನು ಕಾಯಿಸುವ ಭಾಗ) ಅಥವಾ ಇಂಜೆಕ್ಟರ್ ಕಡೆ ಅನುಮಾನ ಪಡಿ. ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಎಳೆಯುವಾಗ ದಟ್ಟ ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ: ಟರ್ಬೊ ಪೈಪ್ ಸೀಳಿರಬಹುದು, ಸ್ವಲ್ಪ ಹೊಗೆಯನ್ನು ವಾಪಸ್ ಇಂಜಿನ್‌ಗೇ ಬಿಡುವ ಇಜಿಆರ್ ವಾಲ್ವ್ ಮಸಿ ಕಟ್ಟಿ ಸಿಕ್ಕಿಕೊಂಡಿರಬಹುದು.

ಆಮೇಲೆ ನ್ಯೂಟ್ರಲ್‌ನಲ್ಲಿ ಬಿಟ್ಟು ಕಿವಿ ಕೊಡಿ. ಗೇರ್‌ಬಾಕ್ಸ್ ಕಡೆಯಿಂದ ಗಡಗಡ ಸದ್ದು ಬಂದು, ಕ್ಲಚ್ ತುಳಿದಾಗ ಅದು ಬದಲಾಗುತ್ತಿದೆಯಾ? ಕೀ ಆಫ್ ಮಾಡಿದಾಗ ಇಡೀ ಕಾರು ಒಮ್ಮೆ ಕುಲುಕಿ ನಿಲ್ಲುತ್ತಾ? ಹಾಗಿದ್ದರೆ ಡ್ಯುಯಲ್ ಮಾಸ್ ಫ್ಲೈವೀಲ್ ಸವೆದಿರುವ ಸಾಧ್ಯತೆ ಜಾಸ್ತಿ. ಡೀಸೆಲ್ ಇಂಜಿನ್‌ನ ಗುದ್ದು ಗೇರ್‌ಬಾಕ್ಸ್‌ಗೆ ತಟ್ಟದಂತೆ ತಡೆಯಲು ಎರಡು ಭಾಗಗಳ ನಡುವೆ ಸ್ಪ್ರಿಂಗ್ ಇಟ್ಟಿರುವ ಚಕ್ರ ಅದು. ಬದಲಾಯಿಸುವುದು ದುಬಾರಿ ಕೆಲಸ. ಸದ್ದು ಕೇಳಿಸಿದರೆ ಕಾರಿನ ಬೆಲೆಯಲ್ಲಿ ಅಷ್ಟು ಕಡಿಮೆ ಮಾಡಿಸಿ.

ಪಿಸ್ಟನ್‌ಗೂ ವಾಲ್ವ್‌ಗೂ ತಾಳ ಕೂಡಿಸುವ ಟೈಮಿಂಗ್ ಬೆಲ್ಟ್ ಬಗ್ಗೆ ಬಾಯಿಮಾತು ನಂಬಬೇಡಿ, ಬಿಲ್ ಕೇಳಿ. ಬಿಲ್ ಇಲ್ಲ ಅಂದರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ. ಕಂಪನಿ ಹೇಳಿದ ಕಿಲೋಮೀಟರ್ ಆಗದಿದ್ದರೂ ವರ್ಷದ ಲೆಕ್ಕವೂ ಇರುತ್ತೆ. ಕಾರು ನಿಂತಲ್ಲೇ ನಿಂತಿದ್ದರೂ ರಬ್ಬರ್‌ಗೆ ವಯಸ್ಸಾಗುತ್ತದೆ. ಓಡುವಾಗ ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಹೊಡೆಯುತ್ತೆ, ಅಲ್ಲಿಗೆ ಇಂಜಿನ್ ಕಥೆ ಮುಗೀತು. ಬೆಲ್ಟ್ ಹಾಕಿಸುವಾಗ ಟೆನ್ಷನರ್ ಜೊತೆಗೆ, ಬೆಲ್ಟಿನಿಂದಲೇ ತಿರುಗುವ ವಾಟರ್ ಪಂಪ್ ಇದ್ದರೆ ಅದನ್ನೂ ಹಾಕಿಸಿ. ಎಲ್ಲಾ ಬಿಚ್ಚಿದ್ದಾಗ ಹಳೆ ಪಂಪನ್ನೇ ಹಾಗೇ ಬಿಟ್ಟು, ಆರು ತಿಂಗಳಿಗೆ ಅದು ಸೋರಿ ಮತ್ತೆ ಕೂಲಿ ಕೊಡುವುದು ಬೇಡ.

ಪ್ರಶ್ನೆ: ನನ್ನ ಎಸ್ಟೇಟ್‌ನಲ್ಲಿ ಡಿಪಿಎಫ್ ಲೈಟ್ ಪದೇ ಪದೇ ಬರುತ್ತಿದೆ. ದಿನಾ ಆಫೀಸಿಗೆ 4 ಕಿ.ಮೀ. ಹೋಗಿ ಬರುತ್ತೇನೆ. ಮೆಕ್ಯಾನಿಕ್ ಒಬ್ಬರು ‘ಫಿಲ್ಟರ್ ತೆಗೆದುಬಿಡೋಣ, ಸಾಫ್ಟ್‌ವೇರ್‌ನಲ್ಲೂ ಆಫ್ ಮಾಡೋಣ’ ಅಂತಿದ್ದಾರೆ. ತೆಗೆಸಬಹುದಾ? ಇನ್ನೊಂದು ವಿಚಿತ್ರ: ಆಯಿಲ್ ಕಮ್ಮಿ ಆಗೋ ಬದಲು ಜಾಸ್ತಿ ಆಗಿದೆ!

ಉತ್ತರ: ಎರಡೂ ಒಂದೇ ಸಮಸ್ಯೆ. ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಡೀಸೆಲ್ ಕಾರಿನವರು ಅರ್ಥ ಮಾಡಿಕೊಳ್ಳಲೇಬೇಕಾದ ವಿಷಯ ಇದೊಂದೇ.

ಡಿಪಿಎಫ್ ಅಂದರೆ ಹೊಗೆಯಲ್ಲಿನ ಮಸಿಯನ್ನು ಹಿಡಿದಿಡುವ ಫಿಲ್ಟರ್. 2000ರಲ್ಲಿ ಪ್ಯೂಜೊ 607 ಕಾರಿನೊಂದಿಗೆ ಇದು ಮಾಮೂಲಿ ಕಾರುಗಳಿಗೆ ಬಂತು. ಯೂರೋಪಿನಲ್ಲಿ ಹೊಗೆಗೆ ಮಿತಿ ಹಾಕುವ ಯೂರೋ 5 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳಿಗೆಲ್ಲಾ ಬಂದಂತೆಯೇ. ಹಿಡಿದ ಮಸಿ ಫಿಲ್ಟರ್‌ನಲ್ಲೇ ಉಳಿದರೆ ಅದು ಕಟ್ಟಿಕೊಳ್ಳುತ್ತೆ, ಅಲ್ವಾ? ಅದಕ್ಕೇ ಅದನ್ನು ಆಗಾಗ ಅಲ್ಲೇ ಸುಡಬೇಕು. ಸುಡಲು ಸುಮಾರು 600 ಡಿಗ್ರಿ ಬಿಸಿ ಬೇಕು. ಊರೊಳಗೆ ನಿಧಾನವಾಗಿ ಓಡುವಾಗ ಹೊಗೆಯ ಬಿಸಿ ಅದರ ಅರ್ಧಕ್ಕೂ ಬರುವುದಿಲ್ಲ. ಆಗ ಇಂಜಿನ್ ಕಂಪ್ಯೂಟರ್ ಒಂದು ಉಪಾಯ ಮಾಡುತ್ತೆ. ಸಿಲಿಂಡರ್‌ನಲ್ಲಿ ಉರಿಯುವ ಕೆಲಸ ಮುಗಿದ ಮೇಲೆ ಇನ್ನೊಂದಿಷ್ಟು ಡೀಸೆಲ್ ಚಿಮ್ಮಿಸುತ್ತೆ. ಅದು ಹೊಗೆಯ ಜೊತೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿದು ಫಿಲ್ಟರನ್ನು ಕಾಯಿಸುತ್ತೆ. ಇದಕ್ಕೆ ರಿಜನರೇಷನ್ ಅನ್ನುತ್ತಾರೆ. ಹತ್ತರಿಂದ ಇಪ್ಪತ್ತು ನಿಮಿಷ ಬೇಕು.

ನಿಮ್ಮ 4 ಕಿ.ಮೀ.ನಲ್ಲಿ ಇಂಜಿನ್ ಬಿಸಿಯಾಗುವಷ್ಟರಲ್ಲಿ ಆಫೀಸ್ ಬಂದಿರುತ್ತೆ. ರಿಜನರೇಷನ್ ಹೇಗೋ ಶುರುವಾದರೂ ಅರ್ಧಕ್ಕೆ ಕೀ ಆಫ್. ಮತ್ತೆ ಮರುದಿನ ಶುರು, ಮತ್ತೆ ಅರ್ಧಕ್ಕೆ. ಪ್ರತಿ ಸಲ ಚಿಮ್ಮಿಸಿದ ಡೀಸೆಲ್‌ನಲ್ಲಿ ಒಂದಿಷ್ಟು ಸಿಲಿಂಡರ್ ಗೋಡೆಗೆ ಅಂಟಿ, ಪಿಸ್ಟನ್ ರಿಂಗ್ ದಾಟಿ ಕೆಳಗೆ ಇಳಿಯುತ್ತೆ. ಅದೇ ನಿಮ್ಮ ‘ಜಾಸ್ತಿ ಆದ’ ಆಯಿಲ್. ಡಿಪ್‌ಸ್ಟಿಕ್ ಎಳೆದು ಬೆರಳಿಗೆ ಒಂದು ಹನಿ ಹಚ್ಚಿ ಮೂಸಿ ನೋಡಿ. ನೀರಿನಂತೆ ತೆಳ್ಳಗಾಗಿ ಡೀಸೆಲ್ ವಾಸನೆ ಬಂದರೆ ಇಂದೇ ಆಯಿಲ್ ಬದಲಾಯಿಸಿ. ತೆಳುವಾದ ಆಯಿಲ್ ಬೇರಿಂಗನ್ನೂ ಟರ್ಬೊವನ್ನೂ ಕಾಪಾಡುವುದಿಲ್ಲ. ಮಟ್ಟ ಮ್ಯಾಕ್ಸ್ ಗೆರೆಯಿಂದ ತುಂಬಾ ಮೇಲೆ ಹೋದರೆ ಇಂಜಿನ್ ತನ್ನ ಆಯಿಲನ್ನೇ ಎಳೆದುಕೊಂಡು ಉರಿಸುತ್ತಾ, ಕೀ ತೆಗೆದರೂ ನಿಲ್ಲದೆ ಓಡುವ ಅಪಾಯವಿದೆ.

ರಿಜನರೇಷನ್ ನಡೆಯುತ್ತಿದೆ ಅಂತ ಕಂಡುಹಿಡಿಯುವುದು ಕಷ್ಟವಲ್ಲ. ನಿಂತಾಗ ಇಂಜಿನ್ ವೇಗ ಮಾಮೂಲಿಗಿಂತ ಸ್ವಲ್ಪ ಮೇಲಿರುತ್ತೆ. ಸ್ಟಾರ್ಟ್-ಸ್ಟಾಪ್ ಕೆಲಸ ಮಾಡುವುದಿಲ್ಲ. ಆ ಕ್ಷಣದ ಮೈಲೇಜ್ ಏಕಾಏಕಿ ಬಿದ್ದಿರುತ್ತೆ. ಕಾರು ನಿಲ್ಲಿಸಿ ಇಳಿದರೆ ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗುತ್ತಿರುತ್ತೆ, ಕೆಳಗಿಂದ ಕಾದ ಕಬ್ಬಿಣದ ವಾಸನೆ. ಇಂಥ ಹೊತ್ತಲ್ಲಿ ಮನೆ ಮುಂದೆ ಬಂದುಬಿಟ್ಟಿದ್ದರೂ ಇನ್ನೊಂದು ಸುತ್ತು ಹೋಗಿ ಬನ್ನಿ. ಒಣ ಹುಲ್ಲಿನ ಮೇಲಂತೂ ನಿಲ್ಲಿಸಲೇಬೇಡಿ.

ಈಗ ಮಾಡಬೇಕಾದ್ದು: ಲೈಟ್ ಬರೀ ಹಳದಿಯಾಗಿದ್ದರೆ, ಮೊದಲು ಆಯಿಲ್ ಸರಿ ಮಾಡಿಸಿಕೊಂಡು ದೊಡ್ಡ ರಸ್ತೆಯಲ್ಲಿ ಒಂದೇ ಹದವಾದ ವೇಗದಲ್ಲಿ ಅರ್ಧ ಗಂಟೆ ಓಡಿಸಿ. ಗೇರ್ ಒಂದು ಕಡಿಮೆ ಇದ್ದರೂ ಪರವಾಗಿಲ್ಲ, ಇಂಜಿನ್ ನಿಮಿಷಕ್ಕೆ 2,000 ಸುತ್ತಿಗಿಂತ ಮೇಲೆ ತಿರುಗಲಿ. ಹಾಗೆ ಮಾಡಿಯೂ ವಾರದಲ್ಲಿ ಲೈಟ್ ಮತ್ತೆ ಬಂದರೆ ಫಿಲ್ಟರ್ ಬೈಯುವುದು ಬಿಟ್ಟು ಕಾರಣ ಹುಡುಕಿಸಿ. ತೆರೆದುಕೊಂಡೇ ಉಳಿದ ಥರ್ಮೋಸ್ಟಾಟ್ ಇದ್ದರೆ ಇಂಜಿನ್ ಸಾಕಷ್ಟು ಬಿಸಿಯಾಗುವುದಿಲ್ಲ, ರಿಜನರೇಷನ್ ಶುರುವೇ ಆಗುವುದಿಲ್ಲ. ಫಿಲ್ಟರ್‌ನ ಒತ್ತಡ ಅಳೆಯುವ ಸೆನ್ಸರ್‌ನ ಸಣ್ಣ ರಬ್ಬರ್ ಪೈಪ್ ಬಿರುಕು ಬಿಟ್ಟರೂ ಕಂಪ್ಯೂಟರ್‌ಗೆ ಸುಳ್ಳು ಲೆಕ್ಕ ಹೋಗುತ್ತೆ. ಇವೆರಡೂ ಹೊಸ ಡಿಪಿಎಫ್ ಮುಂದೆ ಚಿಲ್ಲರೆ ಖರ್ಚು. ಇದನ್ನು ನೋಡದೆ ನೇರವಾಗಿ ಫಿಲ್ಟರ್‌ಗೇ ಕೈ ಹಾಕುವ ಗ್ಯಾರೇಜ್‌ನಿಂದ ದೂರ ಇರಿ.

ಫಿಲ್ಟರ್ ತೆಗೆಸಬೇಡಿ. ಬಹಳ ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ, ಹೊಗೆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೀರಿ, ಮಾರುವಾಗಲೂ ತೊಂದರೆ. ನಿಮ್ಮ ಹಿಂದೆ ಬೈಕಿನಲ್ಲಿ ಬರುವವರ ಶ್ವಾಸಕೋಶದ ಮಾತು ಬೇರೆ.

ಇನ್ನೊಂದು ವಿಷಯ. ಮಸಿ ಸುಟ್ಟು ಹೋಗುತ್ತೆ, ಆದರೆ ಬೂದಿ ಹೋಗುವುದಿಲ್ಲ. ಆ ಬೂದಿ ಬರುವುದು ಮುಖ್ಯವಾಗಿ ಇಂಜಿನ್ ಆಯಿಲ್‌ನಲ್ಲಿರುವ ರಾಸಾಯನಿಕಗಳಿಂದ. ಅದಕ್ಕೇ ಡಿಪಿಎಫ್ ಇರುವ ಕಾರಿಗೆ ಕಡಿಮೆ ಬೂದಿಯ ಆಯಿಲ್ ಬೇಕು. ಡಬ್ಬದ ಮೇಲೆ ಎಸಿಇಎ (ಯೂರೋಪಿನ ಕಾರು ಕಂಪನಿಗಳ ಸಂಘ) ದರ್ಜೆ ಸಿ2, ಸಿ3 ಅಂತ ಬರೆದಿರುತ್ತೆ. ನಿಮ್ಮ ಕಾರಿನ ಪುಸ್ತಕದಲ್ಲಿ ಯಾವುದು ಹೇಳಿದೆಯೋ ಅದನ್ನೇ ಹಾಕಿಸಿ. ಕೆಲವು ಕಂಪನಿಗಳು 30,000 ಕಿ.ಮೀ.ಗೆ ಒಮ್ಮೆ ಆಯಿಲ್ ಬದಲಾಯಿಸಿದರೆ ಸಾಕು ಅನ್ನುತ್ತವೆ. ನಾನು ಒಪ್ಪುವುದಿಲ್ಲ. ಹಳೆ ಕಾರಿಗೆ 15,000 ಅಥವಾ ವರ್ಷಕ್ಕೊಮ್ಮೆ, ನಿಮ್ಮಂಥ ಓಡಾಟಕ್ಕೆ 10,000ಕ್ಕೂ ಮೊದಲೇ.

ಕೊನೆಗೆ ಒಂದು ಕಹಿ ಮಾತು: ದಿನಕ್ಕೆ 4 ಕಿ.ಮೀ.ಗೆ ಈ ಕಾರು ಸರಿಯಲ್ಲ. ವಾರಕ್ಕೊಮ್ಮೆ ಸುಮ್ನೆ ಅರ್ಧ ಗಂಟೆ ಓಡಿಸಲು ನಿಮಗೆ ಪುರುಸೊತ್ತಿಲ್ಲದಿದ್ದರೆ ಮಾರಿಬಿಡಿ.

ಪ್ರಶ್ನೆ: ಹಿಂದಿನ ಬಾಗಿಲಿನ ವೈಪರ್, ನಂಬರ್ ಪ್ಲೇಟ್ ಲೈಟ್, ಲಾಕ್ ಒಂದೊಂದಾಗಿ ಕೈಕೊಡುತ್ತಿವೆ. ಸಾಮಾನು ತುಂಬಿದರೆ ಕಾರಿನ ಹಿಂಭಾಗ ತುಂಬಾ ಕೆಳಗೆ ಕೂರುತ್ತೆ.

ಉತ್ತರ: ಎಸ್ಟೇಟ್ ಕಾರಿನ ಹುಟ್ಟುಗುಣ ಇದು. ಬಾಗಿಲು ತೆರೆದು ಮೇಲೆ ಹಿಂಜ್ ಹತ್ತಿರ ನೋಡಿ. ಕಾರಿನ ಮೈಯಿಂದ ಬಾಗಿಲಿಗೆ ಹೋಗುವ ಮಡಿಕೆ ಮಡಿಕೆಯ ರಬ್ಬರ್ ಕೊಳವೆ ಇದೆ. ಅದನ್ನು ಒಂದು ತುದಿಯಲ್ಲಿ ಬಿಡಿಸಿ ಹಿಂದಕ್ಕೆ ಸರಿಸಿ. ಬಾಗಿಲು ವರ್ಷಗಟ್ಟಲೆ ತೆರೆದು ಮುಚ್ಚಿ, ಒಳಗಿನ ವೈರ್‌ಗಳ ಮೇಲಿನ ಪ್ಲಾಸ್ಟಿಕ್ ಒಡೆದು ತಾಮ್ರ ಕಾಣುತ್ತಿರುತ್ತೆ, ಒಂದೆರಡು ಪೂರ್ತಿ ತುಂಡಾಗಿರುತ್ತವೆ. ಹಾಗಿದ್ದರೆ ಮೋಟರ್, ಲಾಕ್ ಅಂತ ಬಿಡಿಭಾಗ ಕೊಳ್ಳುವ ಮೊದಲು ಈ ವೈರ್ ಜೋಡಿಸಿ. ಬೆಸೆದ ಮೇಲೆ ಟೇಪ್ ಸುತ್ತಿ ಬಿಡಬೇಡಿ, ಬಗ್ಗುವ ಮೆತ್ತನೆ ವೈರನ್ನೇ ಸ್ವಲ್ಪ ಉದ್ದವಾಗಿ ಸೇರಿಸಬೇಕು. ಅಲ್ಲೇ ಹಿಂದಿನ ವಾಷರ್ ನೀರಿನ ಪೈಪೂ ಹೋಗುತ್ತೆ. ಅದು ಬಿಟ್ಟುಕೊಂಡರೆ ಮೇಲ್ಛಾವಣಿ ಬಟ್ಟೆ ಒದ್ದೆ. ಎಲ್ಲಿಂದ ನೀರು ಅಂತ ತಲೆ ಕೆಡಿಸಿಕೊಳ್ಳುವವರು ಮೊದಲು ಅದನ್ನು ನೋಡಿ.

ಹಿಂಭಾಗ ಕೂರುವುದಕ್ಕೆ ಸ್ಪ್ರಿಂಗ್ ಸುಸ್ತಾಗಿರಬಹುದು ಅಥವಾ ತುಂಡಾಗಿರಬಹುದು. ಕೆಲವು ಎಸ್ಟೇಟ್‌ಗಳಲ್ಲಿ ಹಿಂದೆ ಗಾಳಿ ಬ್ಯಾಗ್, ಇನ್ನು ಕೆಲವದರಲ್ಲಿ ತಾನೇ ಎತ್ತರ ಸರಿ ಮಾಡಿಕೊಳ್ಳುವ ಶಾಕ್ ಅಬ್ಸಾರ್ಬರ್ ಇರುತ್ತೆ. ಅವು ಮಾಮೂಲಿ ಶಾಕ್‌ಗಿಂತ ಎಷ್ಟೋ ದುಬಾರಿ. ಕೊಳ್ಳುವ ಮೊದಲೇ ನಿಮ್ಮ ಕಾರಿನಲ್ಲಿ ಯಾವುದಿದೆ ಅಂತ ತಿಳಿದಿರಲಿ. ಟೈರ್ ಗಾಳಿಯೂ ಮುಖ್ಯ. ಬಾಗಿಲ ಹತ್ತಿರದ ಚೀಟಿಯಲ್ಲಿ ಖಾಲಿ ಕಾರಿಗೆ ಒಂದು, ತುಂಬಿದ ಕಾರಿಗೆ ಒಂದು ಲೆಕ್ಕ ಇರುತ್ತೆ. ಆ ಎರಡನೆಯದನ್ನು ಯಾರೂ ಓದುವುದಿಲ್ಲ.

ಪ್ರಶ್ನೆ: ತಪ್ಪಿ ಐದು ಲೀಟರ್ ಪೆಟ್ರೋಲ್ ಹಾಕಿಬಿಟ್ಟರೆ? ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ಆಡ್‌ಬ್ಲೂ ಡೀಸೆಲ್ ಟ್ಯಾಂಕಿಗೆ ಬಿದ್ದರೆ?

ಉತ್ತರ: ಎರಡಕ್ಕೂ ಒಂದೇ ಉತ್ತರ. ಕೀ ಮುಟ್ಟಬೇಡಿ. ಇಗ್ನಿಷನ್ ಆನ್ ಮಾಡಿದರೂ ಬಹಳ ಕಾರುಗಳಲ್ಲಿ ಟ್ಯಾಂಕಿನ ಪಂಪ್ ತಿರುಗಿ ಅದನ್ನು ಮುಂದಕ್ಕೆ ತಳ್ಳುತ್ತೆ. ಕಾರನ್ನು ತಳ್ಳಿ ಪಕ್ಕಕ್ಕೆ ಹಾಕಿ, ಟ್ಯಾಂಕ್ ಖಾಲಿ ಮಾಡಿಸಿ. ಹೈ ಪ್ರೆಷರ್ ಪಂಪ್‌ಗೆ ಜಿಡ್ಡು ಸಿಗುವುದು ಡೀಸೆಲ್‌ನಿಂದಲೇ. ಪೆಟ್ರೋಲ್ ಆ ಜಿಡ್ಡನ್ನು ತೊಳೆದರೆ ಪಂಪ್ ಸವೆದು, ಲೋಹದ ಪುಡಿ ಇಂಜೆಕ್ಟರ್‌ವರೆಗೂ ಹೋಗುತ್ತೆ. ಆಡ್‌ಬ್ಲೂ ಅಂದರೆ ನೀರಿನಲ್ಲಿ ಕರಗಿಸಿದ 32.5% ಯೂರಿಯಾ. ಡೀಸೆಲ್ ಪೈಪುಗಳಲ್ಲಿ ಅದು ಹರಳುಗಟ್ಟಿ, ತುಕ್ಕು ಹಿಡಿಸುತ್ತೆ. ಟ್ಯಾಂಕ್ ಖಾಲಿ ಮಾಡಿಸುವ ಖರ್ಚು ಇದರ ಮುಂದೆ ಏನೂ ಅಲ್ಲ.

ಪ್ರಶ್ನೆ: ಕಾರಿಗೆ 2,60,000 ಕಿ.ಮೀ. ಆಗಿದೆ. ಇನ್ನೂ ದುಡ್ಡು ಹಾಕಬೇಕಾ, ಕೈಬಿಡಬೇಕಾ?

ಉತ್ತರ: ಮೀಟರ್ ನೋಡಿ ತೀರ್ಮಾನ ಮಾಡಬೇಡಿ. ಚೆನ್ನಾಗಿ ಆಯಿಲ್ ಕಂಡ, ಹೈವೇ ಓಡಿದ ಡೀಸೆಲ್ ಇಂಜಿನ್‌ಗೆ ಅದು ಕೊನೆಯಲ್ಲ. ಮೊದಲು ಕಾರನ್ನು ಎತ್ತಿಸಿ ಕೆಳಗೆ ನೋಡಿಸಿ. ಸೈಡ್ ಮೆಂಬರ್ (ತಳದ ಉದ್ದನೆಯ ತೊಲೆ), ಸಸ್ಪೆನ್ಷನ್ ಕೂರುವ ಜಾಗಗಳಲ್ಲಿ ತುಕ್ಕು ತಿಂದಿದ್ದರೆ ಇಂಜಿನ್ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ಮೈ ಗಟ್ಟಿ ಇದ್ದರೆ ಇಂಜೆಕ್ಟರ್‌ಗಳ ಲೀಕ್-ಆಫ್ ಪರೀಕ್ಷೆ ಮಾಡಿಸಿ. ಪ್ರತಿ ಇಂಜೆಕ್ಟರ್‌ನಿಂದ ವಾಪಸ್ ಬರುವ ಡೀಸೆಲನ್ನು ಒಂದೊಂದು ಸಣ್ಣ ಬಾಟಲಿಗೆ ಹಿಡಿಯುತ್ತಾರೆ. ಒಂದು ಬಾಟಲಿ ಉಳಿದವುಗಳಿಗಿಂತ ಬೇಗ ತುಂಬಿದರೆ ಆ ಒಂದೇ ಇಂಜೆಕ್ಟರ್ ರಿಪೇರಿ ಮಾಡಿಸಿದರೆ ಸಾಕಾಗಬಹುದು. ನಾಲ್ಕೂ ಹೊಸದು ಹಾಕಿಸಿ ಅಂತ ಯಾರಾದರೂ ಹೇಳಿದರೆ ಬಾಟಲಿಗಳನ್ನು ತೋರಿಸಲು ಹೇಳಿ.

ಮೈಲೇಜ್ ಕೂಡ ನೀವೇ ಅಳೆದು ಇಟ್ಟುಕೊಳ್ಳಿ, ಡ್ಯಾಶ್‌ಬೋರ್ಡ್ ತೋರಿಸುವುದು ಸ್ವಲ್ಪ ಹೆಚ್ಚೇ ಇರುತ್ತೆ. ಫುಲ್ ಟ್ಯಾಂಕ್ ಮಾಡಿ ಮೀಟರ್ ಬರೆದುಕೊಳ್ಳಿ, ಮತ್ತೆ ಫುಲ್ ಮಾಡುವಾಗ ಎಷ್ಟು ಲೀಟರ್ ಹಿಡಿಯಿತು ನೋಡಿ. 780 ಕಿ.ಮೀ.ಗೆ 48 ಲೀಟರ್ ಹಿಡಿದರೆ ಲೀಟರಿಗೆ 16.25 ಕಿ.ಮೀ. ಅದೇ ರಸ್ತೆ, ಅದೇ ಓಡಾಟದಲ್ಲಿ ಈ ಅಂಕಿ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ, ಇನ್ನೂ ಯಾವ ಲೈಟ್ ಹತ್ತದಿದ್ದರೂ ಗ್ಯಾರೇಜ್‌ಗೆ ಹೋಗುವ ಹೊತ್ತಾಗಿದೆ. ಬ್ರೇಕ್ ಹಿಡಿದುಕೊಂಡಿದೆಯಾ, ಥರ್ಮೋಸ್ಟಾಟ್ ಸರಿಯಿದೆಯಾ, ರಿಜನರೇಷನ್ ಮಾಮೂಲಿಗಿಂತ ಬೇಗ ಬೇಗ ಆಗುತ್ತಿದೆಯಾ ಅಂತ ಆ ಕ್ರಮದಲ್ಲೇ ನೋಡಿಸಿ.