ಸಂಪಾದಕರ ಉತ್ತರ: ಬಿದ್ದದ್ದು ವಯಸ್ಸಿನಿಂದಲ್ಲ

ಓದುಗರ ಪತ್ರ: "ದೇವರಾಜ ಮಾರುಕಟ್ಟೆ, ಲ್ಯಾನ್ಸ್‌ಡೌನ್ ಕಟ್ಟಡ ಉಳಿಸಬೇಕು ಅಂತ ನಿಮ್ಮ ಪತ್ರಿಕೆ ಮತ್ತೆ ಮತ್ತೆ ಬರೆಯುತ್ತದೆ. ನಾಲ್ಕು ಜನ ಸತ್ತ ಮೇಲೂ ಹಳೇ ಗೋಡೆಗಳ ಮೇಲೆ ಇಷ್ಟು ಮೋಹ ಯಾಕೆ? ಅರಮನೆ ಸುಟ್ಟ ಮೇಲೆ ಹೊಸದು ಕಟ್ಟಲಿಲ್ಲವೆ? ಇದನ್ನೂ ಅದೇ ಶೈಲಿಯಲ್ಲಿ, ಗಟ್ಟಿಯಾಗಿ, ಪಾರ್ಕಿಂಗ್ ಸಮೇತ ಕಟ್ಟಿದರೆ ನಷ್ಟವೇನು?"
(ಓದುಗರೊಬ್ಬರು, ಕುವೆಂಪುನಗರ, ಮೈಸೂರು)

ನಿಮ್ಮ ಪತ್ರ ಉದ್ದವಿತ್ತು. ಸಾರಾಂಶ ಮಾತ್ರ ಮೇಲೆ ಕೊಟ್ಟಿದ್ದೇನೆ. ಕೈಬರಹ ಮುದ್ದಾಗಿದೆ, ವಾದ ಚುರುಕಾಗಿದೆ. ಇಂಥ ಓದುಗರ ಜೊತೆ ವಾದ ಮಾಡೋದು ನನಗೆ ಖುಷಿ.

ಒಂದು ಮಾತು ಮೊದಲೇ ಒಪ್ಪುತ್ತೇನೆ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್‌ನ ಒಂದು ಭಾಗ ಕುಸಿದು ನಾಲ್ವರು ತೀರಿಕೊಂಡರು. ಯಾವ ಕಮಾನೂ ಜೀವಕ್ಕಿಂತ ದೊಡ್ಡದಲ್ಲ. ಜನ ಓಡಾಡುವ ಜಾಗ ಭದ್ರವಾಗಿರಲೇಬೇಕು.

ಆದರೆ ಅದು ಆ ಸ್ಥಿತಿಗೆ ಬಂದದ್ದು ಹೇಗೆ ಅಂತ ನೀವು ಒಂದು ಸಲವೂ ಕೇಳಲಿಲ್ಲ. ಹಳೇದು, ಬಿತ್ತು ಅಂತ ಬರೆದು ಮುಗಿಸಿಬಿಟ್ಟಿರಿ. ಅರಮನೆಯ ಉದಾಹರಣೆ ಕೊಟ್ಟಿದ್ದೀರಲ್ಲ, ಅದನ್ನೇ ತಗೊಳ್ಳಿ. 1897ರಲ್ಲಿ ಮದುವೆ ಸಂಭ್ರಮದ ನಡುವೆ ಸುಟ್ಟುಹೋದದ್ದು ಮರದ ಅರಮನೆ. ಬೂದಿಯನ್ನು ಉಳಿಸಿ ಅಂತ ಯಾರೂ ಹೇಳೋದಿಲ್ಲ. ಹೆನ್ರಿ ಇರ್ವಿನ್ ನಕ್ಷೆಯಂತೆ ಕಟ್ಟಿದ ಈಗಿನ ಅರಮನೆ ಮುಗಿದದ್ದು 1912ರಲ್ಲಿ. ವೈಸ್‌ರಾಯ್ ಲ್ಯಾನ್ಸ್‌ಡೌನ್ ಬಂದ ನೆನಪಿಗೆ ಆ ಕಟ್ಟಡ ಎದ್ದದ್ದು 1892ರಲ್ಲಿ. ಎರಡಕ್ಕೂ ಇರೋದು ಇಪ್ಪತ್ತೇ ವರ್ಷದ ಅಂತರ! 1861ರ ಜಗನ್ಮೋಹನ ಅರಮನೆಯಂತೂ ಎರಡಕ್ಕಿಂತ ಹಿರಿಯದು. 1915ರಿಂದ ಅದು ಚಿತ್ರಶಾಲೆ. ವಯಸ್ಸೇ ಕಾರಣವಾಗಿದ್ದರೆ ಮೊದಲು ಬೀಳಬೇಕಾಗಿದ್ದದ್ದು ಯಾವುದು, ನೀವೇ ಹೇಳಿ.

ಈ ಕಟ್ಟಡಗಳ ಮಾಳಿಗೆ ಹೇಗಿರುತ್ತದೆ ಗೊತ್ತಾ? ಮರದ ತೊಲೆಗಳು. ಅವುಗಳ ಮೇಲೆ ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಜೋಡಿಸಿ, ಸುಣ್ಣದ ಗಾರೆಯಲ್ಲಿ ಕಟ್ಟಿರುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ ಹಾಕಿ ಬಡಿದ ಪದರ. ಮದ್ರಾಸ್ ತಾರಸಿ ಅನ್ನೋದು ಇದನ್ನೇ. ನೀರು ನಿಲ್ಲದಿದ್ದರೆ ನೂರು ವರ್ಷ ಏನೂ ಆಗೋದಿಲ್ಲ. ಒಣಗಿದೆಲೆ, ಕಸ ಸೇರಿ ಮಳೆನೀರು ಹರಿದುಹೋಗುವ ದೋಣಿ ಕಟ್ಟಿಕೊಂಡಿತೋ, ತೊಲೆಯ ತುದಿ ಗೋಡೆಯೊಳಗೇ ಕೊಳೆಯಲು ಶುರು. ಹೊರಗಿನವರಿಗೆ ಕಾಣೋದೇ ಇಲ್ಲ. ಆಮೇಲೆ ಕಾಗೆ ಹಿಕ್ಕೆ ಹಾಕಿ ಒಂದು ಅರಳಿ ಸಸಿ ಹುಟ್ಟುತ್ತದೆ. ವಯಸ್ಸಾದ ಗಾರೆ ಮೇಸ್ತ್ರಿಯೊಬ್ಬರು ಒಮ್ಮೆ ಮಾಳಿಗೆ ಅಂಚಿನ ಮೋಟುಗೋಡೆಯಿಂದ ಅಂಥದ್ದೊಂದನ್ನು ಬಿಡಿಸಿದ್ದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಮೇಲೆ ನಾಲ್ಕೇ ಎಲೆ. ಬೇರು ಮಾತ್ರ ಇಟ್ಟಿಗೆ ಸಂದಿನಲ್ಲಿ ಎರಡು ಮೊಳಕ್ಕೂ ಜಾಸ್ತಿ ಹೋಗಿತ್ತು. "ಹೋದ ವರ್ಷ ಕಿತ್ತಿದ್ರೆ ಎರಡು ಬೆರಳು ಸಾಕಿತ್ತು ಸ್ವಾಮಿ, ಈಗ ಗೋಡೆ ಬಿಚ್ಚಬೇಕು" ಅಂದರು.

ದುರಸ್ತಿಯ ಹೆಸರಿನಲ್ಲಿ ನಡೆಯುವ ಅನಾಹುತ ಇನ್ನೊಂದು ಥರ. ಸುಣ್ಣದ ಗೋಡೆ ತೇವ ಹೀರುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದಕ್ಕೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿಹಾಕಿಕೊಂಡು ಗೋಡೆ ಪುಡಿಯಾಗುತ್ತದೆ. ದೇವರಾಜ ಮಾರುಕಟ್ಟೆಯ ಉತ್ತರದ ಭಾಗ 2016ರ ಆಗಸ್ಟ್‌ನಲ್ಲಿ ಕುಸಿದದ್ದು ಯಾವಾಗ? ದುರಸ್ತಿ ಕೆಲಸ ನಡೆಯುತ್ತಿರುವಾಗಲೇ. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಉಳಿಸಬಹುದು ಅಂತ ಪಾರಂಪರಿಕ ಕಟ್ಟಡಗಳನ್ನು ಕಾಯುವ ಇಂಟ್ಯಾಕ್ ಸಂಸ್ಥೆಯ ತಜ್ಞರು ಹೇಳಿದರು, ಕೆಡವಿ ಕಟ್ಟಿ ಅಂತ ಪರಿಶೀಲನೆಗೆ ನೇಮಿಸಿದ ಕಾರ್ಯಪಡೆ ಹೇಳಿತು. 2023ರಲ್ಲಿ ಹೈಕೋರ್ಟ್ ಕೆಡವಿ ಕಟ್ಟಲು ದಾರಿ ಬಿಟ್ಟಿತು. ತೀರ್ಪನ್ನು ಗೌರವಿಸುತ್ತೇನೆ. ಆದರೂ ನೋವಾಗುತ್ತದೆ. ಅದೇ ಹೈಕೋರ್ಟ್ ಕೂತಿರುವ ಬೆಂಗಳೂರಿನ ಅಠಾರ ಕಚೇರಿ 1868ರದ್ದು. 1980ರ ದಶಕದಲ್ಲಿ ಅದನ್ನೂ ಕೆಡವುವ ಮಾತು ಎದ್ದಿತ್ತು. ಬೇಡ ಅಂತ ಜನ ಕೋರ್ಟಿಗೆ ಹೋದರು, ವಿಚಾರಣೆ ಆ ಕಟ್ಟಡದಲ್ಲೇ ನಡೆಯಿತು. ಊರು ದನಿ ಎತ್ತಿತು, ಕಟ್ಟಡ ಉಳಿಯಿತು. ಇವತ್ತು ಕಬ್ಬನ್ ಪಾರ್ಕಿನ ಅಂಚಿನಲ್ಲಿ ಆ ಕೆಂಪು ಗೋಡೆ ಇಲ್ಲದ ಬೆಂಗಳೂರನ್ನು ಊಹಿಸಿಕೊಳ್ಳಿ ನೋಡೋಣ. ಲಾಲ್‌ಬಾಗಿನ ಕ್ರುಂಬಿಗಲ್ ಹಾಲ್‌ಗೆ ಆ ಅದೃಷ್ಟ ಇರಲಿಲ್ಲ. ಹಾಳುಬಿಟ್ಟು ಬಿಟ್ಟು, 2017ರಲ್ಲಿ ನೆಲಸಮ ಮಾಡಿದರು.

"ಅದೇ ಶೈಲಿಯಲ್ಲಿ" ಅಂತೀರಿ. ಮಾರುಕಟ್ಟೆ ಅಂದರೆ ಹೊರಗಿನ ಕಮಾನು ಮಾತ್ರ ಅಲ್ಲ ಮಾರಾಯ್ರೆ. ಸಯ್ಯಾಜಿರಾವ್ ರಸ್ತೆಯಿಂದ ಒಳಗೆ ಕಾಲಿಟ್ಟರೆ ಬಾಳೆಎಲೆ ಕಟ್ಟು, ಗೋಪುರದ ಹಾಗೆ ಪೇರಿಸಿದ ಕುಂಕುಮ, ಮೈಸೂರು ಮಲ್ಲಿಗೆಯನ್ನು ಮೊಳ ಹಾಕುವ ಕೈಗಳು, ರಸಬಾಳೆ ವಾಸನೆ. ಎಂಟುನೂರಕ್ಕೂ ಹೆಚ್ಚು ಅಂಗಡಿ. ಒಂದೊಂದು ಅಂಗಡಿಯಲ್ಲೂ ಅಪ್ಪನ ಜಾಗದಲ್ಲಿ ಮಗ. ಕೆಡವಿ ಕಟ್ಟುವ ವರ್ಷಗಳಲ್ಲಿ ಅವರೆಲ್ಲ ಎಲ್ಲಿ ಕೂರುತ್ತಾರೆ? ಬಂದು ಹೋಗುವ ಗಿರಾಕಿ ಅಲ್ಲಿವರೆಗೆ ಕಾಯುತ್ತಾರಾ? ಲ್ಯಾನ್ಸ್‌ಡೌನ್‌ನ ಹಳೇ ಪುಸ್ತಕದ ಅಂಗಡಿಗಳನ್ನೇ ನೆನಪಿಸಿಕೊಳ್ಳಿ. ವಿದ್ಯಾರ್ಥಿಯಾಗಿದ್ದಾಗ ನಾನು ನಿಘಂಟು ಕೊಂಡದ್ದು ಅಲ್ಲೇ, ಚೌಕಾಸಿ ಮಾಡಿ. 2012ರಲ್ಲಿ ಅಲ್ಲಿಂದ ಎದ್ದ ಮೇಲೆ ಆ ಸಾಲು ಮತ್ತೆ ಹಾಗೆ ಕೂಡಿಕೊಳ್ಳಲೇ ಇಲ್ಲ.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ನಮ್ಮಲ್ಲಿ ಶಂಕುಸ್ಥಾಪನೆಗೆ ಕಲ್ಲು ನೆಡುತ್ತಾರೆ, ದೋಣಿ ತೊಳೆಸಿದ್ದಕ್ಕೆ ಯಾರೂ ಕಲ್ಲು ನೆಡೋದಿಲ್ಲ. ದಸರಾಕ್ಕೆ ದೀಪ ಹಾಕಲು ದುಡ್ಡು ಬರುತ್ತದೆ, ಮಾಳಿಗೆ ಗುಡಿಸಲು ಬರೋದಿಲ್ಲ. ಸುಣ್ಣ ಕೊಳೆಹಾಕಿ, ಬೆಲ್ಲದ ನೀರು ಬೆರೆಸಿ ಅರೆಯುವುದು ಗೊತ್ತಿರುವ ಮೇಸ್ತ್ರಿಗಳು ಕಡಿಮೆಯಾಗುತ್ತಿದ್ದಾರೆ. ಅವರ ಮಕ್ಕಳು ಟೈಲ್ಸ್ ಹಾಕುತ್ತಾರೆ, ಯಾಕಂದರೆ ಗಾರೆಗೆ ಕೆಲಸ ಕೊಡುವವರಿಲ್ಲ. 2022ರಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೇ ಕಟ್ಟಡದ ಭಾಗವೂ ಕುಸಿಯಿತು. ಮೈಸೂರು ವಿಶ್ವವಿದ್ಯಾಲಯದ ಆವರಣ ಮಾನಸಗಂಗೋತ್ರಿಯಲ್ಲಿರುವ ಜಯಲಕ್ಷ್ಮೀವಿಲಾಸ ಮಹಲಿಗೆ ಒಮ್ಮೆ ಒಳ್ಳೆಯ ದುರಸ್ತಿ ಆಯಿತು, ಕೆಲವೇ ವರ್ಷಗಳಲ್ಲಿ ಮತ್ತೆ ಬೇಕಾಯಿತು. ಒಂದು ಸಲ ಕೋಟಿ ಸುರಿದು ಆಮೇಲೆ ಬೀಗ ಹಾಕಿದರೆ ಇನ್ನೇನಾಗುತ್ತದೆ? ಹೊಸ ಕಾಂಕ್ರೀಟಿಗೂ ಇದೇ ಗತಿ. ಒಳಗಿನ ಕಬ್ಬಿಣ ತುಕ್ಕು ಹಿಡಿದರೆ ಅದು ನೂರಿಪ್ಪತ್ತು ವರ್ಷ ಕಾಯೋದಿಲ್ಲ.

ಪಾರ್ಕಿಂಗ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಗಾಡಿ ದೂರದಲ್ಲಿ ನಿಲ್ಲಿಸಿ ನಡೆದು ಬರೋಣ.

ನಿಮಗೊಂದು ಕೆಲಸ ಕೊಡುತ್ತೇನೆ, ನಿಮ್ಮಂಥ ಚುರುಕು ಓದುಗರೇ ಮಾಡಬೇಕಾದದ್ದು. ಹೊಸ ಮಾರುಕಟ್ಟೆಯ ಅಂದಾಜು ಪಟ್ಟಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ತರಿಸಿಕೊಳ್ಳಿ. ಕಟ್ಟಿ ಮುಗಿದ ಮೇಲೆ ವರ್ಷ ವರ್ಷ ನಿರ್ವಹಣೆಗೆ ಎಷ್ಟು, ಯಾರ ಖಾತೆಯಿಂದ ಅಂತ ಅದರಲ್ಲಿ ಬರೆದಿದೆಯಾ ನೋಡಿ. ಇದ್ದರೂ ಬರೆಯಿರಿ, ಇಲ್ಲದಿದ್ದರೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಪೂರ್ತಿ ಪತ್ರ ಹಾಕುತ್ತೇನೆ.

ಸಂಪಾದಕ